ಸ್ತಾಮೆಂಕಾಳ ಮೇಲೆ ಹೊರಿಸಿದ ದೃಷ್ಟಿ

ತಿಮೋಕ್ ನದಿಯ ಈಚೆ ದಡದ ನಮ್ಮ ಊರಿನಲ್ಲಿ ಮೂವತ್ತು ವರ್ಷಗಳ ಕಾಲ ಹುಟ್ಟಿದ ಮಕ್ಕಳಲ್ಲಿ ಮುಕ್ಕಾಲು ಪಾಲಿನವರ ಹೊಕ್ಕುಳನ್ನು ಒಣಗಿಸಿದವಳು ಸ್ತಾಮೆಂಕಾ. ಬಾಣಂತಿ ಆಸ್ಪತ್ರೆಯಿಂದ ಮನೆ ಸೇರಿದ ಮರುದಿನವೇ ಆರೋಗ್ಯ ಕೇಂದ್ರದ ನರ್ಸ್ ಬಾಗಿಲಿಗೆ ಬರುವುದು ನಮ್ಮಲ್ಲಿನ ಕ್ರಮ. ಐದು ಸಲ ಬರುತ್ತಾಳೆ. ಮಗುವನ್ನು ತೂಗುತ್ತಾಳೆ, ಮೀಯಿಸಿ ತೋರಿಸುತ್ತಾಳೆ, ತಾಯಿಯ ಎದೆ ಹೊಟ್ಟೆ ನೋಡುತ್ತಾಳೆ, ಹೋಗುತ್ತಾಳೆ. ಸ್ತಾಮೆಂಕಾ ಮಾತ್ರ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಅವಳು ಬೆಲ್ ಒತ್ತಿದ್ದನ್ನು ಯಾರೂ ಕಂಡಿಲ್ಲ. ಗೇಟಿನಿಂದಲೇ ಕೂಗುತ್ತಿದ್ದಳು: "ಎದ್ದಿದ್ದೀರೋ, ಇಲ್ಲಾ ಮಗೂನೇ ಎದ್ದು ಬಂದು ಬಾಗಿಲು ತೆಗೀಬೇಕೋ?"

ಗಿಡ್ಡ ಹೆಂಗಸು, ದಪ್ಪ ಕಾಲು, ಕೈಯಲ್ಲೊಂದು ಕಪ್ಪು ಚೀಲ. ಮಗುವನ್ನು ಬಿಗಿಯಾಗಿ ಸುತ್ತಿಟ್ಟ ಅಜ್ಜಿಯರಿಗೆ "ಇದೇನು ಮಗೂನೋ ಮಾಂಸದ ಸುರುಳೀನೋ?" ಎಂದು ಬೈಯುತ್ತಿದ್ದಳು. ತೊಟ್ಟಿಲ ಪಕ್ಕ ಸಿಗರೇಟು ಹಚ್ಚಿದ ಅಪ್ಪಂದಿರಿಗೆ, "ಅಷ್ಟು ಹೊಗೆ ಬೇಕಿದ್ರೆ ಹೋಗಿ ಒಲೆಯೊಳಗೆ ತಲೆ ಇಡು" ಎನ್ನುತ್ತಿದ್ದಳು. ಯಾರೂ ಸಿಟ್ಟಾಗುತ್ತಿರಲಿಲ್ಲ. ಮದುವೆಯಾಗಿರಲಿಲ್ಲ, ರೈಲ್ವೆ ಗೇಟಿನ ಹತ್ತಿರ ಒಂಟಿಯಾಗಿದ್ದಳು. ಊರಿನ ಮಕ್ಕಳೇ ತನ್ನ ಮಕ್ಕಳು ಎಂದೆಲ್ಲ ಹೇಳಿಕೊಳ್ಳುವ ಜಾತಿಯವಳಲ್ಲ, ಆದರೆ ಬೀದಿಯಲ್ಲಿ ಹೋಗುವ ಹುಡುಗರನ್ನು ನಿಲ್ಲಿಸಿ, "ಏಯ್, ನೀನು ನಾಲ್ಕು ಕಿಲೋ ಇನ್ನೂರು ಗ್ರಾಂ ಇದ್ದವನಲ್ವಾ?" ಎಂದು ಕೇಳುತ್ತಿದ್ದಳು. ಯಾವತ್ತೂ ತಪ್ಪುತ್ತಿರಲಿಲ್ಲ.

ಅವಳಿಗೆ ಎರಡು ಹುಬ್ಬೂ ಕೂಡಿಕೊಂಡಿದ್ದವು, ಕಣ್ಣು ತಿಳಿ ಬೂದು ಬಣ್ಣದ್ದು. ಅಂಥವರ ದೃಷ್ಟಿ ಕೆಟ್ಟದ್ದು ಎಂದು ನಮ್ಮ ಹಿರಿಯರ ನಂಬಿಕೆ. ಅದೂ ಸಾಲದೆಂಬಂತೆ, ಅವಳ ತಾಯಿ ಅವಳಿಗೆ ಒಮ್ಮೆ ಎದೆಹಾಲು ಬಿಡಿಸಿ, ಅಳು ತಾಳಲಾರದೆ ಎರಡನೆಯ ವಾರದಲ್ಲಿ ಮತ್ತೆ ಎದೆಗೆ ಹಾಕಿಕೊಂಡಿದ್ದಳಂತೆ. ಬಿಟ್ಟ ಎದೆಗೆ ಮರಳಿದ ಮಗು ದೊಡ್ಡದಾದ ಮೇಲೆ ಕಣ್ಣು ಹಾಕಿದ್ದೆಲ್ಲ ಬಾಡುತ್ತದೆ ಎನ್ನುತ್ತಾರೆ. ಇದೆಲ್ಲ ಊರಿಗೇ ಗೊತ್ತಿದ್ದ ಸಂಗತಿ. ಮೂವತ್ತು ವರ್ಷ ಯಾರೂ ಅದನ್ನು ಎತ್ತಿ ಆಡಿರಲಿಲ್ಲ, ಏಕೆಂದರೆ ಎತ್ತಿ ಆಡುವಂಥದ್ದು ಏನೂ ಆಗಿರಲಿಲ್ಲ. ಆಗುವಂತೆ ಮಾಡಿದವಳು ನಾನು. ಅವಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಡೆದದ್ದು ವರ್ಷಗಟ್ಟಲೆ ಪೂರ್ತಿ ಗೊತ್ತಿದ್ದವಳು ಅವಳನ್ನು ಬಿಟ್ಟರೆ ನಾನೊಬ್ಬಳೇ.

ನನ್ನ ಹೆಸರು ಬಿಲ್ಯಾನಾ. ೨೦೦೮ರ ಜೂನ್‌ನಲ್ಲಿ ನನಗೆ ಹೆಣ್ಣು ಮಗು ಹುಟ್ಟಿತು, ದುನ್ಯಾ ಎಂದು ಹೆಸರಿಟ್ಟೆವು. ಗಂಡ ನೆನಾದ್ ರೈಲ್ವೆಯಲ್ಲಿ ಕೆಲಸಕ್ಕಿದ್ದ. ಮನೆಯ ಯಜಮಾನಿಕೆ ಅತ್ತೆ ರಾದೋಯ್ಕಾಳದ್ದು. ಅತ್ತೆ ಕೆಟ್ಟವಳಲ್ಲ, ಹೊತ್ತು ಹೊತ್ತಿಗೆ ಸಾರು ಮಾಡಿ ಬಡಿಸುತ್ತಿದ್ದಳು, ಮಗುವಿನ ಬಟ್ಟೆ ಒಂದನ್ನೂ ನನ್ನಿಂದ ಒಗೆಸಲಿಲ್ಲ. ಆದರೆ ಅವಳ ಬಾಯಿಗೆ ಬಾಗಿಲಿರಲಿಲ್ಲ.

ಹದಿನಾರನೆಯ ವಯಸ್ಸಿನಿಂದ ನನ್ನ ಮುಖದ ತುಂಬ ಮೊಡವೆ. ಮದುವೆಗೆ ಮುಂಚೆ ನಗರದ ಚರ್ಮದ ಡಾಕ್ಟರರೊಬ್ಬರು ಒಂದು ಕ್ರೀಮ್ ಕೊಟ್ಟಿದ್ದರು, ರೆಟಿನಾಯ್ಡ್ ಎನ್ನುವ ಜಾತಿಯದ್ದು. ಆರು ತಿಂಗಳಲ್ಲಿ ಮುಖ ತಿಳಿಯಾಯಿತು. ನೆನಾದ್ ನೋಡಿ ಮೆಚ್ಚಿದ್ದು ಆ ತಿಳಿಯಾದ ಮುಖವನ್ನು. ಹಿಂದಿನದನ್ನು ಅವನು ಕಂಡೇ ಇರಲಿಲ್ಲ, ನಾನು ಹೇಳಿಯೂ ಇರಲಿಲ್ಲ. ಬಸುರಿಯಾದರೆ ಆ ಕ್ರೀಮ್ ಮುಟ್ಟಲೇಬಾರದು ಎಂದು ಡಾಕ್ಟರ್ ಹೇಳಿದ್ದರಿಂದ ಆಗ ನಿಲ್ಲಿಸಿದ್ದೆ. ಹೆರಿಗೆಯಾಗಿ ಎರಡು ವಾರವಾಗುವಷ್ಟರಲ್ಲಿ ಮುಖ, ಕತ್ತು, ಎದೆ ಎಲ್ಲ ಕಡೆ ಕೆಂಪಗೆ ಎದ್ದು ನಿಂತಿತು.

"ಹೆಣ್ಣು ಮಗು ಕಣೇ," ಎಂದಳು ಅತ್ತೆ. "ತಾಯಿ ಚೆಲುವು ಕದ್ಕೊಂಡೇ ಹುಟ್ಟೋದು. ನಿಂದೂ ಪೂರ್ತಿ ದೋಚ್ಕೊಂಡ್ಬಿಟ್ಟಿದೆ ನೋಡು!"

ನೆನಾದ್ ಗೆಳೆಯರ ಮುಂದೆ, "ನಮ್ಮನೇಲಿ ಈ ವರ್ಷ ಸ್ಟ್ರಾಬೆರಿ ಫಸಲು ಜೋರು" ಎಂದು ನನ್ನ ಕೆನ್ನೆ ತೋರಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ದುನ್ಯಾಳ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ನಲವತ್ತನೆಯ ದಿನಕ್ಕೆ ನೆಂಟರೆಲ್ಲ ಮಗು ನೋಡಲು ಬರುವವರಿದ್ದರು, ನಾದಿನಿ ವಿಯೆನ್ನಾದಿಂದ ಕ್ಯಾಮೆರಾ ಹಿಡಿದು ಬರುವವಳಿದ್ದಳು.

ಹಳೆಯ ಟ್ಯೂಬ್ ಕಾಲುಚೀಲದೊಳಗೆ ಸುತ್ತಿ ಡ್ರಾಯರಿನ ತಳದಲ್ಲಿಟ್ಟಿದ್ದೆ. ಹಾಲು ಕುಡಿಸುವಾಗ ಹಚ್ಚಬಹುದೇ ಎಂದು ಯಾರನ್ನೂ ಕೇಳಲಿಲ್ಲ. ಎದೆಯ ಮೇಲೆ ಮಗು ಇರುವಾಗ ಕನ್ನಡಿ ನೋಡಿಕೊಳ್ಳುವ ತಾಯಿಯನ್ನು ನಮ್ಮ ಬೀದಿಯಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ಕಡಲೆಕಾಳಿನಷ್ಟು ಸಾಕು ಎಂದಿದ್ದರು ಡಾಕ್ಟರ್. ನಾನು ಅವಸರಕ್ಕೆ ಅದರ ನಾಲ್ಕು ಪಟ್ಟು ಹಿಂಡಿ ಮುಖಕ್ಕೆ, ಕತ್ತಿಗೆ, ಎದೆಗೆಲ್ಲ ಬಳಿದುಕೊಂಡೆ. ಹಾಲು ಕುಡಿದ ಮೇಲೆ ದುನ್ಯಾ ಕೆನ್ನೆಯಿಟ್ಟು ನಿದ್ದೆ ಹೋಗುತ್ತಿದ್ದದ್ದು ಅದೇ ಎದೆಯ ಮೇಲೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಸ್ತಾಮೆಂಕಾ ನಾಲ್ಕನೆಯ ಸಲ ಬಂದಾಗ ನನ್ನ ಮೂಗಿನ ಪಕ್ಕ ಚರ್ಮ ಸುಲಿಯುತ್ತಿತ್ತು. ಅವಳು ಮಗುವಿಗಿಂತ ಮೊದಲು ನನ್ನನ್ನು ನೋಡಿದಳು.

"ಮುಖಕ್ಕೆ ಏನಾದ್ರೂ ಹಚ್ಕೋತಿದ್ದೀಯಾ?"

ಅತ್ತೆ ಕಾಫಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಇಲ್ಲ. ಬರೀ ನೀರು," ಎಂದೆ.

ಸ್ತಾಮೆಂಕಾ ಚೀಲ ಕೆಳಗಿಟ್ಟಳು. "ಹಚ್ಕೊಂಡ್ರೆ ಪಾಪ ಏನಿಲ್ಲಮ್ಮ. ಹೇಳಿದ್ರೆ, ಹೇಗೆ ಹಚ್ಕೋಬೇಕು ಅಂತ ಹೇಳ್ತೀನಿ, ಅಷ್ಟೇ."

"ಏನೂ ಇಲ್ಲ ಅಂದ್ನಲ್ಲ!"

ಅವಳು ದುನ್ಯಾಳನ್ನು ಎತ್ತಿ ಬೆಳಕಿಗೆ ಹಿಡಿದಳು. "ಎಂಥಾ ಚೆಂದದ ಮಗು!" ಎಂದಳು. ಮಗುವನ್ನು ಹೊಗಳಿದವರು ತೂ ತೂ ಎಂದು ಮೂರು ಸಲ ಉಗುಳುವಂತೆ ಮಾಡಬೇಕು. ಅವಳು ಮಾಡಲಿಲ್ಲ, ಹಸುಗೂಸಿನ ಮುಖದ ಮೇಲೆ ಉಗುಳುವುದು ಕೊಳಕು ಎಂಬುದು ಮೊದಲಿನಿಂದಲೂ ಅವಳ ವಾದ. ಅತ್ತೆ ಅದನ್ನು ಗಮನಿಸಿದಳು.

ಎರಡು ದಿನಕ್ಕೆ ದುನ್ಯಾಳ ಬಲಗೆನ್ನೆ ಕೆಂಪಾಯಿತು. ಮೂರನೆಯ ದಿನ ಎರಡೂ ಕೆನ್ನೆ, ಗಲ್ಲ ಕೆಂಪಾಗಿ, ಹೊಟ್ಟಿನಂತೆ ಚರ್ಮ ಏಳತೊಡಗಿತು. ಎದೆಗಿಟ್ಟರೆ ಚೀರುತ್ತಿದ್ದಳು. ಅತ್ತೆ ಡಾಕ್ಟರನ್ನು ನೆನೆಯಲೇ ಇಲ್ಲ. ಬಟ್ಟಲಲ್ಲಿ ಹೊಸ ನೀರು ತಂದಳು, ಒಲೆಯಿಂದ ಇಕ್ಕಳದಲ್ಲಿ ಕೆಂಡ ತೆಗೆದಳು. ಮಗುವನ್ನು ನೋಡಿದ ಒಬ್ಬೊಬ್ಬರ ಹೆಸರಿಗೆ ಒಂದೊಂದು ಕೆಂಡ ನೀರಿಗೆ ಹಾಕುವುದು. ಯಾರ ಕೆಂಡ ಮುಳುಗುತ್ತದೋ ದೃಷ್ಟಿ ಅವರದ್ದು. ಪಕ್ಕದ ಮನೆ ಮಿಲುಂಕಾಳ ಕೆಂಡ ತೇಲಿತು. ಅತ್ತೆಯ ತಮ್ಮನದೂ ತೇಲಿತು. ಮೂರನೆಯದನ್ನು "ಸ್ತಾಮೆಂಕಾ" ಎಂದು ಬಿಟ್ಟಳು. ಅದು ಚುಂಯ್ ಎಂದು ನೇರ ತಳ ಕಂಡಿತು.

"ನೋಡಿದ್ಯಾ? ನೋಡಿದ್ಯಾ?" ಎಂದು ಅತ್ತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ನಾನು ಮಂಚದ ಮೇಲೆ ಕುಳಿತಿದ್ದೆ. ಡ್ರಾಯರ್ ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಮಗುವಿನ ಕೆನ್ನೆ ನೋಡಿದಾಗಲೇ ನನಗೆ ಅರ್ಧ ತಿಳಿದುಹೋಗಿತ್ತು, ಏಕೆಂದರೆ ನನ್ನ ಮೂಗಿನ ಪಕ್ಕ ಇದ್ದದ್ದೂ ಅದೇ ಹೊಟ್ಟು. ಬಾಯಿ ಬಿಡಲಿಲ್ಲ. ಅತ್ತೆ ಕೆಂಡದ ನೀರಿನಿಂದ ಮಗುವಿನ ಮುಖ ತೊಳೆದಳು, ತೊಟ್ಟಿಲಿಗೆ ಕೆಂಪು ದಾರ ಬಿಗಿದಳು. ನಾನು ದಾರದ ತುದಿ ಹಿಡಿದುಕೊಂಡು ಸಹಾಯ ಮಾಡಿದೆ.

ಮರುದಿನ ಸ್ತಾಮೆಂಕಾ ಕೊನೆಯ ಭೇಟಿಗೆ ಬಂದಳು. ಗೇಟಿನ ಒಳಗೆ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ನಾನು ಮಹಡಿಯ ಕಿಟಕಿಯಲ್ಲಿದ್ದೆ.

"ನಿನ್ನ ಕಣ್ಣು ನನ್ನ ಮೊಮ್ಮಗಳಿಗೆ ತಾಗಿದೆ. ಒಳಗೆ ಬರೋದು ಬೇಡ."

"ರಾದೋಯ್ಕಾ, ನಿನ್ನ ಮಗನ ಹೊಕ್ಕುಳು ಒಣಗಿಸಿದೋಳೂ ನಾನೇ. ಆಗ ಎಲ್ಲಿತ್ತು ನನ್ನ ಕಣ್ಣು?"

"ಆಗ ನೀನು ಎಳೇ ಹುಡುಗಿ. ಕಣ್ಣಿನ್ನೂ ಬಲಿತಿರ್ಲಿಲ್ಲ!"

ಬೇಲಿಯಾಚೆ ಮಿಲುಂಕಾ ಕಿಸಕ್ಕನೆ ನಕ್ಕಳು. ಎದುರು ಮನೆಯವರೂ ಹೊರಗೆ ಬಂದರು.

"ಮಗು ಮುಖ ಒಂದ್ಸಲ ನೋಡ್ತೀನಿ, ಬಿಡು," ಎಂದಳು ಸ್ತಾಮೆಂಕಾ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ನೋಡಿದ್ದು ಸಾಕು! ಬಿಟ್ಟ ಎದೆಗೆ ಮರಳಿದೋಳು ನೀನು, ಊರಿಗೆಲ್ಲ ಗೊತ್ತು!"

ಅದನ್ನು ಅವಳ ಮುಖದೆದುರು ಅಂದವರು ಅದುವರೆಗೆ ಯಾರೂ ಇರಲಿಲ್ಲ. ಸ್ತಾಮೆಂಕಾ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ತಲೆಯೆತ್ತಿ ನನ್ನ ಕಿಟಕಿ ನೋಡಿದಳು. ನಾನು ಪರದೆ ಎಳೆದೆ.

ಶುಕ್ರವಾರ ಅತ್ತೆ ಚೀಸ್ ಮಾರಲು ಸಂತೆಗೆ ಹೋದಳು. ಕಾಲು ಗಂಟೆಯಾಗಿರಲಿಲ್ಲ, ಹಿತ್ತಲಿನ ಪ್ಲಮ್ ಗಿಡಗಳ ಕಡೆಯಿಂದ ಯಾರೋ ಅಡುಗೆಮನೆಯ ಬಾಗಿಲು ತಟ್ಟಿದರು.

"ನಿಮ್ಮತ್ತೆ ಹೋಗಿದ್ದು ನೋಡ್ಕೊಂಡೇ ಬಂದೆ. ತೆಗಿ ಬಾಗಿಲು," ಎಂದಳು ಸ್ತಾಮೆಂಕಾ. ಮೂವತ್ತು ವರ್ಷದ ನರ್ಸ್ ಕಳ್ಳಿಯಂತೆ ಹಿತ್ತಲಿನಿಂದ ಬರಬೇಕಾಗಿತ್ತು, ನನ್ನ ದೆಸೆಯಿಂದ. ಮಗುವಿನ ಕೆನ್ನೆ ನೋಡಿದಳು, ಆಮೇಲೆ ನನ್ನ ಅಂಗಿಯ ಕತ್ತಿನ ಹತ್ತಿರ ನೋಡಿದಳು. "ಎಲ್ಲಿದೆ? ತಾ," ಎಂದಳು.

ಟ್ಯೂಬ್ ತಂದುಕೊಟ್ಟೆ. "ಹಾಲೆಲ್ಲ ವಿಷ ಆಗೋಯ್ತಾ? ಬಿಡಿಸ್ಬೇಕಾ?"

"ಥೂ, ಯಾರು ಹೇಳಿದ್ದು ನಿಂಗೆ? ಚರ್ಮದ ಮೇಲೆ ಹಚ್ಚೋದು ರಕ್ತಕ್ಕೆ ಇಳಿಯೋದೇ ಒಂಚೂರು. ಹಾಲಿಗೆ ಇನ್ನೂ ಕಮ್ಮಿ. ಇದೇ ಜಾತಿ ಮಾತ್ರೆ ಇದೆಯಲ್ಲ, ನುಂಗೋದು, ಅದನ್ನ ಮಾತ್ರ ಹಾಲು ಕೊಡೋವಾಗ ಮುಟ್ಬಾರ್ದು. ಇದು ಹಾಲಿಂದ ಬಂದಿದ್ದಲ್ಲ ಕಣೇ. ನಿನ್ನ ಎದೆ ಮೇಲಿಂದ ನೇರ ಅವಳ ಕೆನ್ನೆಗೆ ಮೆತ್ಕೊಂಡಿದೆ. ದೊಡ್ಡವರ ಚರ್ಮಾನೇ ಸುಲಿಯತ್ತೆ, ಇದಿನ್ನೂ ಐದು ವಾರದ ಕೂಸು."

ಟ್ಯೂಬಿನ ಮೇಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋದಳು. ತಾನು ಹೇಳಿದ್ದು ಸರಿಯೇ ಎಂದು ಡಾಕ್ಟರನ್ನು ಕೇಳಿಕೊಂಡು, ಒಂದು ಗಂಟೆಯೊಳಗೆ ಅದೇ ಹಿತ್ತಲಿನಿಂದ ಬೆವರುತ್ತ ವಾಪಸು ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಕೇಳು. ಎದೆಗೆ, ಕತ್ತಿಗೆ ಇವತ್ತಿಂದ ಬಂದ್. ಮಗು ಬಾಯಿ, ಕೆನ್ನೆ, ಕೈ ಎಲ್ಲೆಲ್ಲಿ ತಾಗತ್ತೋ ಅಲ್ಲಿ ಹಚ್ಬಾರ್ದು. ಈಗ ಹೋಗಿ ಸೋಪ್ ಹಾಕಿ ತೊಳ್ಕೊಂಡು ಬಾ. ಮುಖಕ್ಕೆ ಬೇಕೇ ಬೇಕಂದ್ರೆ ಕಡಲೆಕಾಳಷ್ಟು, ಮಗು ಕುಡಿದು ಮಲಗಿದ ಮೇಲೆ. ಆಮೇಲೆ ಕೈ ತೊಳೀಬೇಕು, ಚೆನ್ನಾಗಿ. ಕ್ರೀಮ್ ಹಚ್ಚಿದ ಮುಖ ಮಗು ಮುಖಕ್ಕೆ ತಾಗಿಸಿ ಮುದ್ದು ಮಾಡೋದೆಲ್ಲ ಬೇಡ. ಬಿಸಿಲಿಗೆ ಹೋದ್ರೆ ಟೋಪಿ. ಮತ್ತೆ ಬಸುರಿಯಾದ್ರೆ ಅವತ್ತೇ ನಿಲ್ಸು. ಮಗು ಕೆನ್ನೆಗೆ ಉಗುರುಬೆಚ್ಚಗಿನ ನೀರು ಸಾಕು. ಮೂರು ದಿನದಲ್ಲಿ ಇಳೀದಿದ್ರೆ ಮಕ್ಕಳ ಡಾಕ್ಟರ ಹತ್ರ ಎತ್ಕೊಂಡು ಹೋಗು, ಅತ್ತೆ ಏನೇ ಅನ್ಲಿ."

ಇಷ್ಟೇ. ಇಷ್ಟನ್ನು ನಾಲ್ಕನೆಯ ಭೇಟಿಯ ದಿನವೇ ಹೇಳಿಬಿಡುತ್ತಿದ್ದಳು, ನಾನು ಹೌದು ಎಂಬ ಒಂದು ಮಾತು ಆಡಿದ್ದರೆ.

"ಅತ್ತೆಗೆ ಹೇಳ್ತೀನಿ, ನಿಂದೇನೂ ತಪ್ಪಿಲ್ಲ ಅಂತ," ಎಂದೆ.

ಸ್ತಾಮೆಂಕಾ ಯೋಚಿಸಿದಳು. "ಬೇಡ. ರಾದೋಯ್ಕಾ ನಂಗೊತ್ತಿಲ್ವಾ? ಹಾಲಲ್ಲಿ ವಿಷ ಇದೆ ಅಂತ ಸಂಜೆಯೊಳಗೆ ಮಗು ಬಾಯಿಗೆ ಸೀಸೆ ಇಡ್ತಾಳೆ. ಒಂದು ವಾರ ಬಿಟ್ಟು ನೀನು ಮತ್ತೆ ಎದೆಗೆ ಹಾಕ್ಕೊಂಡ್ರೆ, ಇದನ್ನೂ ನನ್ನ ಜಾತಿಗೇ ಸೇರಿಸ್ತಾರೆ!" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಹಾಲು ಬಿಡಿಸೋ ತನಕ ಬಾಯಿ ಮುಚ್ಕೊಂಡಿರು. ಆಮೇಲೆ ಹೇಳು. ಅಲ್ಲೀವರೆಗೆ ನನ್ನ ಕಣ್ಣು ತಡ್ಕೊಳ್ಳತ್ತೆ."

ನನಗೆ ಖುಷಿಯಾಯಿತು. ನಾಚಿಕೆಗೇಡು, ಆದರೆ ನಿಜ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಅದು ಯಾರ ತಲೆಯ ಮೇಲೆ ಇಳಿಯಿತು ಎಂದು ನೋಡಲಿಲ್ಲ.

ಆರು ದಿನದಲ್ಲಿ ಕೆನ್ನೆ ಮೊದಲಿನಂತಾಯಿತು. ಅತ್ತೆ ಕೆಂಡದ ಮಹಿಮೆಯನ್ನು ಬೀದಿ ತುಂಬ ಹೇಳಿದಳು. ನಲವತ್ತನೆಯ ದಿನ ಬಂದ ಮೂವತ್ತು ನೆಂಟರಿಗೆ ಇನ್ನೊಂದು ಸಲ ಕೆಂಡ ಮುಳುಗಿಸಿ ತೋರಿಸುವಷ್ಟು ಚೆನ್ನಾಗಿ ಹೇಳಿದಳು. ನಾನು ಪೌಡರ್ ಬಳಿದುಕೊಂಡು ಕೇಕ್ ಹಂಚುತ್ತಿದ್ದೆ. ಫೋಟೋಗಳಲ್ಲಿ ನನ್ನ ಮುಖ ಪರವಾಗಿಲ್ಲ.

ಆಗಸ್ಟಿನಲ್ಲಿ ಎರಡು ಮನೆಯವರು ಸ್ತಾಮೆಂಕಾಗೆ ಬಾಗಿಲು ತೆರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಒಬ್ಬ ಅಜ್ಜಿ ಅವಳ ಬೆನ್ನ ಹಿಂದೆ ಉಪ್ಪು ಎರಚಿದಳು. ಯಾರದೋ ಮಗುವಿಗೆ ಜ್ವರ ಬಂತು, ಯಾರದೋ ಮಗು ತೂಕ ಏರಲಿಲ್ಲ. ಮೂವತ್ತು ವರ್ಷ ಇವೆಲ್ಲ ಬರೀ ಜ್ವರ, ಬರೀ ತೂಕ ಆಗಿದ್ದವು, ಈಗ ಎಲ್ಲದಕ್ಕೂ ಅವಳ ಕಣ್ಣೇ ಕಾರಣವಾಯಿತು. ಚಳಿಗಾಲಕ್ಕೆ ಮುಂಚೆ ಅವಳನ್ನು ಮನೆ ಭೇಟಿಯಿಂದ ತೆಗೆದು ಆರೋಗ್ಯ ಕೇಂದ್ರದ ಚೀಟಿ ಕೌಂಟರಿಗೆ ಹಾಕಿದರು. ಗಾಜಿನ ಹಿಂದೆ ಕುಳಿತು ಕಾರ್ಡು ಹುಡುಕಿ ಕೊಡುವ ಕೆಲಸ. ಮಗುವನ್ನು ಎತ್ತುವ ಕೆಲಸ ಅಲ್ಲಿಗೆ ಮುಗಿಯಿತು.

ದುನ್ಯಾಗೆ ಹಾಲು ಬಿಡಿಸಿದ್ದು ಹದಿನಾಲ್ಕನೆಯ ತಿಂಗಳಲ್ಲಿ. ಅಂದು ಸಂಜೆಯೇ ಹೇಳಬೇಕೆಂದುಕೊಂಡೆ. ಅತ್ತೆಗೆ ಹಲ್ಲುನೋವಿತ್ತು, ನಾಳೆ ಹೇಳೋಣ ಎಂದುಕೊಂಡೆ. ನಾಳೆ ನೆಂಟರು ಬಂದರು. ಆಮೇಲೆ ಹಬ್ಬ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬ ಭಯ ಹುಟ್ಟಿತು, ಅದು ಪ್ರತಿ ತಿಂಗಳೂ ಬಲಿಯುತ್ತ ಹೋಯಿತು. ಒಂದು ದಿನ ಅಂಗಡಿಯಲ್ಲಿ ಮಿಲುಂಕಾ ತನ್ನ ಬಸುರಿ ಸೊಸೆಯನ್ನು ಮುಂದೆ ನಿಲ್ಲಿಸಿಕೊಂಡು ಕೇಳಿದಳು: "ಬಿಲ್ಯಾನಾ, ನೀನು ಓದಿದೋಳು, ನೀನೇ ಹೇಳು. ಅವಳ ಕಣ್ಣಿಂದು ನಿಜಾನಾ?" ನಾನು ಬ್ರೆಡ್ ಆರಿಸುತ್ತ, "ಏನೋಪ್ಪಾ. ಮಗೂಗೆ ಆಗಿದ್ದಂತೂ ನಿಜ" ಎಂದೆ. ಹಿಂದಿನದು ಸುಮ್ಮನಿದ್ದ ತಪ್ಪು. ಇದು ಬಾಯಿಬಿಟ್ಟು ಮಾಡಿದ್ದು.

ಇನ್ನೊಂದು ಸಲ ದುನ್ಯಾಗೆ ಲಸಿಕೆ ಹಾಕಿಸಲು ಹೋದೆ. ಗಾಜಿನ ಹಿಂದಿನಿಂದ ಸ್ತಾಮೆಂಕಾ ಕಾರ್ಡು ನೀಡುತ್ತ ಮೆಲ್ಲಗೆ ಕೇಳಿದಳು, "ಹಾಲು ಬಿಡಿಸಿದ್ಯಾ?"

"ಇನ್ನೂ ಇಲ್ಲ," ಎಂದೆ.

ದುನ್ಯಾಗೆ ಆಗ ಎರಡು ವರ್ಷ ದಾಟಿತ್ತು. ನನ್ನ ಪಕ್ಕದಲ್ಲಿ ನಿಂತು ಸಾಸೇಜ್ ಇಟ್ಟ ಬನ್ ಕಚ್ಚಿ ತಿನ್ನುತ್ತಿದ್ದಳು. ಸ್ತಾಮೆಂಕಾ ಅವಳನ್ನು ನೋಡಿದಳು, ಬನ್ ನೋಡಿದಳು, "ಒಳ್ಳೇದು" ಎಂದು ಕಾರ್ಡಿನ ಮೇಲೆ ಮುದ್ರೆ ಒತ್ತಿದಳು. ಆ ಮೇಲೆ ನಾನು ಲಸಿಕೆಗೆ ನೆನಾದ್‌ನನ್ನೇ ಕಳಿಸತೊಡಗಿದೆ.

ಹೀಗೆ ವರ್ಷಗಳು ಕಳೆದವು. ಸ್ತಾಮೆಂಕಾ ಕೌಂಟರಿನಿಂದಲೇ ನಿವೃತ್ತಳಾದಳು. ದುನ್ಯಾಗೆ ಎಂಟು ತುಂಬಿದ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಶಾಲೆಯಿಂದ ಕುಣಿಯುತ್ತ ಬಂದಳು.

"ಅಮ್ಮಾ, ಇವತ್ತು ರೈಲ್ವೆ ಗೇಟ್ ಹತ್ರ ಆ ಕಣ್ಣಿನ ಅಜ್ಜಿ ಬಂದ್ಲು. ದೃಷ್ಟಿ ತಾಗ್ಬಾರ್ದು ಅಂತ ಎಲ್ರೂ ಹೆಬ್ಬೆರಳು ಮುಷ್ಟಿಯೊಳಗೆ ಬಚ್ಚಿಟ್ಕೊಂಡ್ರು. ನಾನು ಮಾತ್ರ ಅವಳ ಕಡೆ ತಿರುಗಿ ತೂ ಅಂತ ಉಗಿದೆ! ನಂಗೆ ಅವಳ ದೃಷ್ಟಿ ಒಂದ್ಸಲ ತಾಗಿದ್ರೂ ಸಾಯ್ಲಿಲ್ವಲ್ಲ, ಅದಕ್ಕೇ ನಂಗೆ ಜಾಸ್ತಿ ಧೈರ್ಯ ಅಂತ ಎಲ್ರೂ ಅಂದ್ರು."

ಅವಳ ಕೆನ್ನೆಗೆ ಬಾರಿಸಲು ಕೈ ಎತ್ತಿದೆ. ಕೈ ಹಾಗೇ ನಿಂತಿತು. ಹೊಡೆಸಿಕೊಳ್ಳಬೇಕಾದ ಕೆನ್ನೆ ಅವಳದ್ದಲ್ಲ.

ಅತ್ತೆ ಅಂಗಳದಲ್ಲಿ ಮೆಣಸಿನಕಾಯಿ ಸುಡುತ್ತಿದ್ದಳು. ಅವಳ ಎದುರು ಸ್ಟೂಲ್ ಹಾಕಿಕೊಂಡು ಕುಳಿತು ಎಲ್ಲವನ್ನೂ ಹೇಳಿದೆ: ಟ್ಯೂಬ್, ಎದೆಗೆ ಬಳಿದುಕೊಂಡದ್ದು, ಹಿತ್ತಲಿನಿಂದ ಬಂದದ್ದು, ಹಾಲು ಬಿಡಿಸುವ ತನಕ ಎಂದದ್ದು. ಮೆಣಸಿನಕಾಯಿ ಕಪ್ಪಾಗಿ ಸೀದುಹೋಯಿತು, ಅವಳು ತಿರುಗಿಸಲಿಲ್ಲ.

"ಆಗ ಹೇಳಿದ್ರೆ ನಾನು ಹಾಲು ಬಿಡಿಸ್ತಿದ್ನಾ?" ಎಂದು ತನ್ನನ್ನೇ ಕೇಳಿಕೊಂಡಳು. ತಾನೇ ಉತ್ತರ ಕೊಟ್ಟಳು: "ಬಿಡಿಸ್ತಿದ್ದೆ. ಅವಳು ಅಂದಿದ್ದು ಸರಿ." ಅವಳ ಕಣ್ಣಲ್ಲಿ ನೀರಿತ್ತು, ಹೊಗೆಯದ್ದು ಎಂದು ನಾನು ಹೇಳಲಾರೆ. ಏಪ್ರನ್ ಬಿಚ್ಚಿ ಎಸೆದಳು. "ಏಳು. ಬೀದಿಗೆಲ್ಲ ಕೇಳೋ ಹಾಗೆ ಅಂದೋಳು ನಾನು. ಬೀದಿಗೆಲ್ಲ ಕೇಳೋ ಹಾಗೇ ವಾಪಸ್ ತಗೋತೀನಿ."

ಮಂಡಿನೋವಿನ ಕಾಲೆಳೆದುಕೊಂಡು ರೈಲ್ವೆ ಗೇಟಿನ ತನಕ ನಡೆದಳು. ನಾನು ಅವಳ ಹಿಂದೆ ನಡೆದೆ. ಸ್ತಾಮೆಂಕಾ ಬೇಲಿಯ ಒಳಗೆ ಬಟ್ಟೆ ಒಣಹಾಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಸ್ತಾಮೆಂಕಾ!" ಅತ್ತೆ ಬೀದಿಯಲ್ಲೇ ನಿಂತು ಕೂಗಿದಳು. ಅಕ್ಕಪಕ್ಕದ ಕಿಟಕಿಗಳು ತೆರೆದುಕೊಂಡವು. "ನಿನ್ನ ಕಣ್ಣು ತಾಗಿರ್ಲಿಲ್ಲ! ನಮ್ಮ ಸೊಸೆ ಹಚ್ಕೊಂಡಿದ್ದ ಕ್ರೀಮ್ ಮಗೂಗೆ ತಾಗಿದ್ದು! ನಾನು ನಿನ್ನ ಮೇಲೆ ಹಾಕಿದ್ದು ಸುಳ್ಳು! ಎಲ್ರೂ ಕೇಳಿಸ್ಕೊಳ್ಳಿ!"

"ಕಿರುಚಬೇಡ, ರಕ್ತದೊತ್ತಡ ಏರತ್ತೆ," ಎಂದಳು ಸ್ತಾಮೆಂಕಾ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ತಂತಿಯ ಮೇಲೆ ಹಾಕಿ, ಕ್ಲಿಪ್ ಸಿಕ್ಕಿಸಿ, ಬೇಲಿಯ ಹತ್ತಿರ ಬಂದಳು. ಅತ್ತೆಯನ್ನಲ್ಲ, ನನ್ನನ್ನು ನೋಡಿದಳು.

"ಹಾಲು ಬಿಡಿಸೋ ತನಕ ಸುಮ್ನಿರು ಅಂದಿದ್ದೆ. ಅದು ನನ್ನ ಮಾತು, ನಂಗೇನೂ ಬೇಜಾರಿಲ್ಲ. ಉಳಿದ ಏಳು ವರ್ಷ ಯಾವ ಮಗು ಹಾಲಿಗೋಸ್ಕರ ಸುಮ್ನಿದ್ದೆ?"

ಹೆದರಿಕೆಯಾಗಿತ್ತು ಎನ್ನಲು ಬಾಯಿ ತೆರೆದೆ. ಅದೂ ಸುಳ್ಳು. ಹೆದರಿಕೆ ಇದ್ದದ್ದು ಮೊದಮೊದಲು ಮಾತ್ರ.

"ನಂಗೆ ಆರಾಮಾಗಿತ್ತು ಸ್ತಾಮೆಂಕಾ," ಎಂದೆ. "ಅದಕ್ಕೆ."

ಅವಳು ತಲೆಯಾಡಿಸಿದಳು. "ಈಗ ಹೇಳಿದೆ ನೋಡು ನಿಜ," ಎಂದಳು. ಗೇಟು ತೆರೆದು ಅತ್ತೆಯ ಕೈ ಹಿಡಿದಳು. "ಬಾ ರಾದೋಯ್ಕಾ, ಕಾಲು ಊದಿದೆ ನಿಂಗೆ. ಕೂತ್ಕೋ, ಕಾಫಿ ಇಡ್ತೀನಿ."

ಇಬ್ಬರೂ ಒಳಗೆ ಹೋದರು. ನನ್ನನ್ನು ಕರೆಯಲಿಲ್ಲ. ಅವರ ಕಾಫಿ ಮುಗಿಯುವ ತನಕ ನಾನು ಬೇಲಿಯ ಹೊರಗೆ, ಕಿಟಕಿಗಳವರೆಲ್ಲ ನೋಡುತ್ತಿದ್ದಂತೆ, ನಿಂತುಕೊಂಡಿದ್ದೆ.